ಲೋಕಿಯ ದನಿ ದಪ್ಪಗಾದ ಮಳೆಗಾಲ

ಹೋದ ವಾರ ಸಾಗರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಯಜಮಾನರೊಬ್ಬರು ಜೇಬಿನಿಂದ ಪ್ಲಾಸ್ಟಿಕ್ ಕೊಟ್ಟೆ ತೆಗೆದು ಹೊಗೆಸೊಪ್ಪು ಮುರಿದರು. ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು, ಮಡಚಿ ದವಡೆಗೆ ಒತ್ತಿದರು. ನಮ್ಮ ಕಡೆಯವನಿಗೆ ಅದೇನು ಹೊಸ ವಾಸನೆಯಲ್ಲ. ಮದುವೆ ಮನೆಯಲ್ಲೂ ಅದೇ, ಸಾವಿನ ಮನೆಯಲ್ಲೂ ಅದೇ. ಆದರೆ ಆವತ್ತು ಕಿಟಕಿಯ ಗಾಳಿಗೆ ಆ ಘಾಟು ಮೂಗಿಗೆ ಹೊಡೆದದ್ದೇ ನನಗೆ ಕೂರಲಾಗಲಿಲ್ಲ. ಎದ್ದು ಹಿಂದಿನ ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. ಕಂಡಕ್ಟರ್ "ಸೀಟಿತ್ತಲ್ರೀ, ಎಂತಕ್ಕೆ ಎದ್ರಿ?" ಅಂದ. ಕಾಲು ಹಿಡ್ಕೊಂಡಿದೆ ಅಂತ ಸುಳ್ಳು ಹೇಳಿದೆ.

ನಾನು ಹೊರಟಿದ್ದು ಲೋಕಿಯ ಹೆಂಡತಿ ಸುಜಾತಾ ಕೇಳಿದ್ದನ್ನು ಕೊಡಲು. ಹೆಗಲಲ್ಲಿ ಲ್ಯಾಪ್‌ಟಾಪಿನ ಬ್ಯಾಗಿತ್ತು. ಲೋಕಿ ಅಂದರೆ ಅರಳಸುರಳಿಯ ಲೋಕೇಶ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಒಂಬತ್ತು ವರ್ಷ ಕಂಡಕ್ಟರ್ ಆಗಿದ್ದ. ಈಗಲೂ ಈ ಮೂರು ತಾಲ್ಲೂಕಿನ ಹುಡುಗರ ಫೋನಿನಲ್ಲಿ ಅವನ ಒಂದು ಕೂಗು ಓಡಾಡುತ್ತಿರುತ್ತದೆ. ಹದಿನಾಲ್ಕು ಸೆಕೆಂಡಿನದು. ಕೇಳಿದವರು "ಅಬ್ಬಾ, ಮೈ ಜುಂ ಅಂತು" ಅನ್ನುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ. ಆ ಕೂಗನ್ನು ಅವನ ಬಾಯಿಂದ ಹೊರಡಿಸಿದವನು ನಾನು. ಅದು ಎಲ್ಲಿಂದ ಬಂತು ಅಂತ ಹೇಳಬೇಕಾದವನೂ ನಾನೇ. ನಾಲ್ಕು ವರ್ಷದಿಂದ ಹೇಳಿಲ್ಲ.

ನನ್ನದು ತೀರ್ಥಹಳ್ಳಿಯಲ್ಲಿ ಮೈಕ್‌ಸೆಟ್ ಅಂಗಡಿ. ಭಟ್ಟರ ಮನೆಯಲ್ಲಿ ಹುಟ್ಟಿ ಮಂತ್ರ ಬಿಟ್ಟು ಮೈಕು ಹಿಡಿದವನು ಅಂತ ಲೋಕಿ ಸಿಕ್ಕವರೆದುರಿಗೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದ. ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ಆಗಲೇ ಯಾರದೋ ಅಣ್ಣ ತಂದುಕೊಟ್ಟ ಸಿ.ಡಿ.ಯಲ್ಲಿ ಮೊದಲ ಸಲ ರಾಕ್ ಕೇಳಿದ್ದು. ಹಾಡುಗಾರ ಹಾಡುತ್ತಾ ಹಾಡುತ್ತಾ ಇದ್ದಕ್ಕಿದ್ದಂತೆ ಪದ ಬಿಟ್ಟು ಕಿರುಚಿಬಿಟ್ಟ. ನಾನು ಹೆದರಿ ಪ್ಲೇಯರ್ ಆರಿಸಲು ಹೋದೆ. ಲೋಕಿ ನನ್ನ ಕೈ ಹಿಡಿದುಕೊಂಡು, "ಇರು ಮಾರಾಯ, ಅಂವ ಈಗ ನಿಜ ಹೇಳ್ತಾ ಇದಾನೆ" ಅಂದಿದ್ದ. ಹದಿನಾಲ್ಕು ವರ್ಷದ ಹುಡುಗ ಆಡುವ ಮಾತಾ ಅದು! ನನಗೆ ಆವತ್ತಿನಿಂದ ಅವನ ಮೇಲೆ ಒಂಥರಾ ಗೌರವ.

ಮಳೆಗಾಲದಲ್ಲಿ ಮೈಕ್‌ಸೆಟ್ಟಿನವನಿಗೆ ಕೆಲಸವಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಆರ್ಕೆಸ್ಟ್ರಾ ಇಲ್ಲ. ಆದರೆ ಸ್ಪೀಕರ್ ಬಾಕ್ಸುಗಳನ್ನು ಸುಮ್ಮನೆ ಇಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ, ಗಣಪತಿ ಹಬ್ಬಕ್ಕೆ ತೆಗೆದಾಗ ಗೊರಗೊರ ಅನ್ನುತ್ತವೆ. ಹಾಗಾಗಿ ದಿನಾ ಒಂದು ಹೊತ್ತು ಕರೆಂಟು ಕೊಟ್ಟು, ಏನಾದರೂ ಹಾಕಿ ಜೋರಾಗಿ ಬಾರಿಸಿ ಬಿಸಿ ಮಾಡಬೇಕು. "ಯಾರ್ದೋ ಹಾಡು ಹಾಕಿ ಬಿಸಿ ಮಾಡೋ ಬದ್ಲು ನಾವೇ ಕೂಗಾಣ" ಅಂದವನು ಲೋಕಿ. ಹಾಗೆ ಶುರುವಾಯಿತು ನಮ್ಮ ಬ್ಯಾಂಡು. ಡ್ರಮ್ಸಿಗೆ ಮದುವೆ ಬ್ಯಾಂಡ್‌ಸೆಟ್ಟಿನ ಫ್ರಾನ್ಸಿಸ್, ಗಿಟಾರಿಗೆ ಮೊಬೈಲ್ ರಿಪೇರಿಯ ಇರ್ಫಾನ್, ಬೇಸ್ ಗಿಟಾರು ಮತ್ತು ರೆಕಾರ್ಡಿಂಗು ನನ್ನದು. ಮೂವತ್ತು ದಾಟಿದ ನಾಲ್ಕು ಗಂಡಸರು ಮಧ್ಯಾಹ್ನ ಊಟ ಮುಗಿಸಿ ಗೋಡೌನಿನಲ್ಲಿ ಬಾಗಿಲು ಹಾಕಿಕೊಂಡು ಬೊಬ್ಬೆ ಹೊಡೆದರೆ ಊರು ನಗದೆ ಇರುತ್ತದೆಯೇ? ನನ್ನ ಅಮ್ಮ, ಎಲ್ಲರಿಗೂ ಆಯಿ, ಒಂದು ದಿನ ಕೊಡೆ ಹಿಡಿದು ತಿಂಡಿಯ ಡಬ್ಬಿ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು, "ಎಂತಕ್ಕೆ ಹಂಗೆ ಕೂಗ್ತಾ ಅಂವ? ಹೊಟ್ಟೆನೋವು ಇದ್ದಾ?"

ಲೋಕಿ ಬಿದ್ದು ಬಿದ್ದು ನಕ್ಕ. "ಹೌದು ಆಯಿ, ಹೊಟ್ಟೆಯಿಂದ್ಲೇ ಬರ್ಬೇಕು ಇದು" ಅಂದ.

ಅದು ತಮಾಷೆಯಲ್ಲ. ಫೋನಿನಲ್ಲಿ ನೋಡಿ ನೋಡಿ ಅವನು ಸ್ಕ್ರೀಮ್ ಮಾಡುವುದನ್ನು ಪಾಠದ ಹಾಗೆ ಕಲಿತಿದ್ದ. ಕೂಗುವುದು ಎಲ್ಲರಿಗೂ ಬರುತ್ತದೆ. ಜಗಳಕ್ಕೆ ನಿಂತವನೂ ಕೂಗುತ್ತಾನೆ, ಹಾವು ಕಂಡವನೂ ಕೂಗುತ್ತಾನೆ. ರಾಕಿನಲ್ಲಿ ಕಿರುಚುವುದು ಬೇರೆಯೇ ಕಸುಬು. ಉಸಿರನ್ನು ಹೊಟ್ಟೆಯಲ್ಲಿ ಕಟ್ಟಿ ಹಿಡಿದು, ಗಂಟಲನ್ನು ಸಡಿಲ ಬಿಟ್ಟು, ಇಷ್ಟಿಷ್ಟೇ ಗಾಳಿ ಬಿಡಬೇಕು. ಕೇಳುವವನಿಗೆ ಗಂಟಲು ಹರಿದುಹೋಯಿತು ಅನ್ನಿಸಬೇಕು, ಕಿರುಚುವವನಿಗೆ ಏನೂ ಆಗಿರಬಾರದು. "ನೋವಾಯ್ತು ಅಂದ್ರೆ ಎಲ್ಲೋ ತಪ್ಪಿದೀಯ ಅಂತ್ಲೇ ಲೆಕ್ಕ" ಅಂತ ಅವನೇ ನನಗೆ ಹೇಳಿಕೊಟ್ಟಿದ್ದ. ನಾನು ಕೇಳಿದ ಕೂಗುಗಳಲ್ಲಿ ನೆನಪಿನಲ್ಲಿ ಉಳಿದವು ಯಾವುವು ಅಂತ ಯೋಚಿಸಿದರೆ, ಜೋರಾಗಿದ್ದವು ಒಂದೂ ಇಲ್ಲ. ಅಂಚಿನಲ್ಲಿ ಸ್ವಲ್ಪ ಹರಿದಂತೆ ಇರುವ, ಒಳಗೊಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುವ ದನಿಗಳು ಮಾತ್ರ ಉಳಿದಿವೆ. ಅಂಥ ಒಂದು ದನಿ ನನ್ನ ಕೈಯಲ್ಲಿ ರೆಕಾರ್ಡ್ ಆಗಬೇಕು ಅನ್ನುವ ಹುಚ್ಚು ನನಗೆ ಹಿಡಿದಿತ್ತು.

ಹಾಡು ಲೋಕಿಯದೇ. ಹೆಸರು 'ಹಿಂದೆ ಹೋಗಿ'. ನಸುಕಿನಿಂದ ಮಧ್ಯಾಹ್ನ ಡ್ಯೂಟಿ ಮುಗಿಯುವವರೆಗೆ ತುಂಬಿದ ಬಸ್ಸಿನಲ್ಲಿ ಅವನು ಕೂಗುತ್ತಿದ್ದದ್ದೇ ಅದು. ಹಿಂದೆ ಹೋಗಿ, ಹಿಂದೆ ಹೋಗಿ, ಜಾಗ ಇದೆ. "ಒಂಬತ್ತು ವರ್ಷದಿಂದ ಜಾಗ ಇದೆ ಅಂತ ಸುಳ್ಳು ಹೇಳ್ತಾ ಇದೀನಿ ಭಟ್ಟ. ಇರಲ್ಲ. ಹಿಂದೆ ಬಸ್ಸೇ ಮುಗ್ದಿರತ್ತೆ, ಆದ್ರೂ ಜನ ಹೋಗ್ತಾರೆ" ಅನ್ನುತ್ತಿದ್ದ. ಹಾಡಿನ ಕೊನೆಗೆ 'ಹೋಗಿ' ಅನ್ನುವ ಪದವನ್ನೇ ಎಳೆದು ಎಳೆದು, ಪದ ಪುಡಿಯಾಗಿ ಬರೀ ಕೂಗು ಉಳಿಯಬೇಕು. ಅದು ನಮ್ಮ ಯೋಜನೆ. ಶ್ರಾವಣದ ಕೊನೆಗೆ ಸಾಗರದಲ್ಲಿ ಯುವಕರ ಬ್ಯಾಂಡುಗಳ ಕಾರ್ಯಕ್ರಮ ಇತ್ತು. ಅಲ್ಲಿಗೆ ಹೋಗುವುದು ಅಂತ ತೀರ್ಮಾನವಾಯಿತು.

ಗೋಡೌನಿಗೆ ತಗಡು ಶೀಟಿನ ಮಾಡು. ಗೋಡೆಗೆಲ್ಲ ಬೇಕರಿಯಿಂದ ಬೇಡಿ ತಂದ ಮೊಟ್ಟೆ ಟ್ರೇ ಅಂಟಿಸಿದ್ದೆ, ಮಾಡಿಗೆ ಏನು ಅಂಟಿಸುವುದು? ಮಳೆ ಹೊಡೆಯಲು ಶುರುವಾಯಿತೆಂದರೆ ಪಕ್ಕದವನ ಮಾತು ಕೇಳುವುದಿಲ್ಲ. ಮಳೆ ನಿಂತು ಹೊಳವಾಗುವವರೆಗೆ ಕಾಯಬೇಕು. ಹತ್ತು ನಿಮಿಷ ಸಿಕ್ಕರೆ ಒಂದು ಸಲ ರೆಕಾರ್ಡಿಂಗು, ಅಂದರೆ ಒಂದು ಟೇಕು, ಮತ್ತೆ ಅರ್ಧ ಗಂಟೆ ಕಾಯುವುದು. ಕಾಯುವಾಗ ಏನು ಮಾಡುತ್ತಾರೆ ನಮ್ಮ ಕಡೆ? ಕವಳ, ಅಂದರೆ ಎಲೆಯಡಿಕೆ, ಹಾಕುತ್ತಾರೆ. ಬಂದವರ ಮುಂದೆ ಮೊದಲು ಕವಳದ ತಟ್ಟೆ ಇಡಬೇಕು, ಆಮೇಲೆ ಮಾತು. ಹಾಗೆ ಬೆಳೆದವರು ನಾವು. ನಾನು ಹೊಗೆಸೊಪ್ಪು ಹಾಕುವವನಲ್ಲ. ಲೋಕಿಗೆ ಅದಿಲ್ಲದೆ ಆಗದು, ಪಿ.ಯು.ಸಿ. ಕಾಲದಿಂದ ಅಭ್ಯಾಸ. ಅವನಿಗಾಗಿ ಸಂತೆಯಿಂದ ಒಳ್ಳೆಯ ಸೊಪ್ಪು ಆರಿಸಿ ತಂದು, ಎಲೆ ಒರೆಸಿ, ಅಡಿಕೆ ಕತ್ತರಿಸಿ ಸೌಂಡ್ ಮಿಕ್ಸರಿನ ಪಕ್ಕದಲ್ಲೇ ತಟ್ಟೆ ಜೋಡಿಸಿಡುತ್ತಿದ್ದೆ. "ಕವಳ ಹಾಕಿದ್ರೆ ಗಂಟ್ಲು ಬಿಸಿ ಆಗ್ತದೆ" ಅಂತ ಅವನು, "ಹಾಕು ಹಾಕು, ಬಿಸಿ ಆಗ್ಲಿ" ಅಂತ ನಾನು. ಉಗಿಯಲು ಬಾಗಿಲ ಹತ್ತಿರ ಖಾಲಿ ಪೇಂಟ್ ಡಬ್ಬ ಇಟ್ಟಿದ್ದೆವು.

ಆಷಾಢದ ಮೊದಲ ವಾರದ ಟೇಕುಗಳಲ್ಲಿ ಅವನ ಕೂಗು ಸಪೂರವಾಗಿತ್ತು, ಶುದ್ಧವಾಗಿತ್ತು. ನನಗೆ ಹಿಡಿಸಲಿಲ್ಲ. "ಶಿಳ್ಳೆ ಆಯ್ತು ಮಾರಾಯ, ದಪ್ಪ ಬೇಕು" ಅಂದೆ. ಇನ್ನೊಂದೆರಡು ವಾರದಲ್ಲಿ ದನಿ ನಿಜವಾಗಿಯೂ ದಪ್ಪಗಾಯಿತು. ತಳದಲ್ಲಿ ಒಂದು ಕರಕರ ಸೇರಿಕೊಂಡಿತು. ಮೇಲಿನ ದನಿ ಎರಡಾಗಿ ಸೀಳಿ ಒಂದರ ಪಕ್ಕ ಒಂದು ಓಡುತ್ತಿತ್ತು. ಫ್ರಾನ್ಸಿಸ್ ಕೋಲು ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಗೀಚಿಕೊಂಡ. ನಾನು ಹೆಡ್‌ಫೋನ್ ಕಿತ್ತಿಟ್ಟು ಹೋಗಿ ಲೋಕಿಯನ್ನು ತಬ್ಬಿಕೊಂಡೆ. "ಬಂತು ಕಣೋ! ಇದೇ, ಇದೇ ದನಿ!" ಅಂತ ಕುಣಿದೆ. ಲೋಕಿ ಕೆಮ್ಮಿ, ಡಬ್ಬಕ್ಕೆ ಉಗಿದು, ಹುಬ್ಬು ಹಾರಿಸಿ ನಕ್ಕ.

ಬಸ್ಸಿನಲ್ಲಿ ಮಾತ್ರ ಅವನ ದನಿ ಏಳುತ್ತಿರಲಿಲ್ಲ. ಊರಿನ ಹೆಸರು ಕೂಗಿದರೆ ಮೂರನೇ ಸೀಟಿಗೆ ಕೇಳುತ್ತಿರಲಿಲ್ಲವಂತೆ. ಜನ ಇಳಿಯುವ ಜಾಗ ದಾಟಿ ಹೋಗಿ ಬೈದರು. ಡ್ರೈವರು ವಿಶಲ್ ಕೊಡಿಸಿದ. ಯಾರು ಕೇಳಿದರೂ ಉತ್ತರ ಸಿದ್ಧವಿತ್ತು. ಕಂಡಕ್ಟರಿಗೆ ಗಂಟಲು ಕಟ್ಟದೆ ಇನ್ಯಾರಿಗೆ ಕಟ್ಟುತ್ತದೆ? ಥಂಡಿ ಹವೆ. ಸಾಲದ್ದಕ್ಕೆ ಮಧ್ಯಾಹ್ನ ಆ ಕಿರುಚಾಟ. ಸುಜಾತಾ ಒಂದು ದಿನ ನನಗೇ ಫೋನ್ ಮಾಡಿದರು.

"ಅಣ್ಣ, ಇವ್ರು ಮನೇಲಿ ಮಾತೇ ಆಡಲ್ಲ. ಪಿಸುಗುಡ್ತಾರೆ. ಪುಟ್ಟಿ ಅಪ್ಪ ಸಿಟ್ಟು ಮಾಡ್ಕಂಡಿದಾರೆ ಅಂತ ಅಳ್ತದೆ. ಸ್ವಲ್ಪ ದಿನ ಆ ಕೂಗೋದು ನಿಲ್ಸಿ."

ಪುಟ್ಟಿಗೆ ಆಗ ಎರಡು ವರ್ಷ. ನಾನು ಏನೆಂದೆ ಗೊತ್ತೇ? "ಸಾಗರದ್ದೊಂದು ಆಗ್ಲಿ ಅಕ್ಕ, ಆಮೇಲೆ ಒಂದು ತಿಂಗ್ಳು ಅವ್ನ ಬಾಯಿಗೆ ಬೀಗ ಹಾಕ್ತೀನಿ" ಅಂದೆ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಕಾಳುಮೆಣಸಿನ ಕಷಾಯ ಅಂತ ಹತ್ತು ಔಷಧಿ ಹೇಳಿದೆ. ಲೋಕಿಗೆ ಬೈದೂ ಇಟ್ಟೆ, "ಬಸ್ಸಲ್ಲಿ ವಿಶಲ್ ಊದು, ಮನೇಲಿ ಕೈಸನ್ನೆ ಮಾಡು, ದನಿ ಮಾತ್ರ ನಂಗೆ ಇಟ್ಟಿರು" ಅಂತ. ಅವನು ಇಟ್ಟ. ಮಗಳಿಗೆ ಕೊಡದ ದನಿಯನ್ನು ದಿನಾ ಮಧ್ಯಾಹ್ನ ತಂದು ನನ್ನ ಮೈಕಿನ ಮುಂದೆ ಸುರಿದ.

ಸಾಗರಕ್ಕೆ ಹತ್ತು ದಿನ ಇರುವಾಗಿನ ಒಂದು ಮಧ್ಯಾಹ್ನ. ಇರ್ಫಾನ್, ಫ್ರಾನ್ಸಿಸ್ ಇನ್ನೂ ಬಂದಿರಲಿಲ್ಲ. ಮಳೆ ಹಿಡಿದಿತ್ತು. ಕವಳದ ತಟ್ಟೆಯಲ್ಲಿ ಸುಣ್ಣದ ಡಬ್ಬಿ ತೆರೆದರೆ ಒಣಗಿ ಕಲ್ಲಾಗಿತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ. "ಸುಣ್ಣ ಇಲ್ದಿರೋ ಕವಳ, ಉಪ್ಪಿಲ್ದಿರೋ ಗಂಜಿ. ಎಂಥ ಭಟ್ಟನೋ ನೀನು!" ಅಂತ ಗೊಣಗುತ್ತಾ ಲೋಕಿ ಬರೀ ಎಲೆ ಅಡಿಕೆ, ಹೊಗೆಸೊಪ್ಪು ಬಾಯಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಕೆಮ್ಮು ಬಂತು. ಡಬ್ಬದವರೆಗೆ ಹೋಗಲಾಗದೆ ಬಾಗಿಲ ಸಿಮೆಂಟು ಮೆಟ್ಟಿಲ ಮೇಲೇ ಉಗಿದ.

ಕೆಂಪು.

ಸುಣ್ಣ ಸೇರದೆ ಅಡಿಕೆ ಕೆಂಪಾಗುವುದಿಲ್ಲ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಜ್ಜನ ಬಾಯಿ ನೋಡಿಯೇ ಮಕ್ಕಳು ಕಲಿತಿರುತ್ತವೆ. ಇಬ್ಬರೂ ಮೆಟ್ಟಿಲನ್ನೇ ನೋಡುತ್ತಾ ನಿಂತೆವು. ಸೂರಿನ ನೀರು ಬಿದ್ದು ಆ ಕೆಂಪು ತೆಳ್ಳಗಾಗುತ್ತಾ ಅಂಗಳಕ್ಕೆ ಇಳಿಯಿತು.

"ಏನೋ ಅದು?" ಅಂದೆ.

"ವಸಡು ಮಾರಾಯ. ಬೆಳಿಗ್ಗೆ ಬ್ರಷ್ ತಾಗಿತ್ತು."

"ಡಾಕ್ಟ್ರಿಗೆ ತೋರ್ಸು ಒಂದ್ಸಲ."

"ಸಾಗರದ್ದು ಮುಗೀಲಿ. ಈಗ ಹೋದ್ರೆ ಬಾಯಿ ಮುಚ್ಕಂಡು ಕೂತ್ಕ ಅಂತಾರೆ, ಅಷ್ಟೇ."

ನಾನು ಹ್ಞೂಂ ಅಂದೆ. ವಸಡಿನ ರಕ್ತ ಅಷ್ಟಿರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಅವನು ನನ್ನ ಮುಖ ನೋಡಲಿಲ್ಲ. ಮರುದಿನ ನಾನು ಅಂಗಡಿಗೆ ಹೋಗಿ ಹೊಸ ಸುಣ್ಣ ತಂದಿಟ್ಟೆ. ಅಲ್ಲಿಂದ ಮುಂದೆ ಡಬ್ಬದಲ್ಲಿ ಬಿದ್ದದ್ದೆಲ್ಲ ಕೆಂಪೇ. ಯಾವುದು ಕವಳ, ಯಾವುದು ಏನು ಅಂತ ನೋಡುವ ಗೋಜೇ ಇರಲಿಲ್ಲ. ಥೂ ನನ್ನ ಜನ್ಮಕ್ಕೆ. ಈಗ ಬರೆಯುವಾಗಲೂ ಹಾಗೇ ಅನ್ನಿಸುತ್ತದೆ.

ಸಾಗರದಲ್ಲಿ ಸಭಾಂಗಣ ತುಂಬಿತ್ತು. ಹೊರಗೆ ಧೋ ಅಂತ ಮಳೆ, ಒಳಗೆ ಒದ್ದೆ ಅಂಗಿಗಳ ಬಿಸಿ. ನಮ್ಮದು ಆರನೆಯ ತಂಡ. ಲೋಕಿ ಕಂಡಕ್ಟರಿನ ಖಾಕಿ ಅಂಗಿಯಲ್ಲೇ ಹತ್ತಿದ, ವೇಷಕ್ಕಲ್ಲ, ಡ್ಯೂಟಿಯಿಂದ ನೇರ ಬಂದಿದ್ದ. ಮುಂದಿನ ಸಾಲಿನ ಹುಡುಗರು "ರೈಟ್, ರೈಟ್!" ಅಂತ ಕಿಚಾಯಿಸಿದರು. ಹಾಡು ಶುರುವಾಯಿತು. ಸಾಹಿತ್ಯದ ಅರ್ಧ ಯಾರಿಗೂ ಕೇಳಲಿಲ್ಲ, ದನಿ ಅಷ್ಟು ಒಡೆದಿತ್ತು. ಕೊನೆಗೆ ಆ 'ಹೋಗೀ' ಬಂತು. ಅವನು ಎರಡು ಕೈಯಲ್ಲಿ ಮೈಕ್ ಹಿಡಿದು ಮೊಣಕಾಲಿನವರೆಗೆ ಬಗ್ಗಿದ. ನಾನು ಪಕ್ಕದಲ್ಲೇ ಇದ್ದೆ, ಅವನ ಕತ್ತಿನ ನರಗಳು ಕಾಣುತ್ತಿದ್ದವು. ಕಿಚಾಯಿಸುತ್ತಿದ್ದ ಹುಡುಗರು ಗಪ್‌ಚಿಪ್ ಆದರು. ಒಂದು ಹುಡುಗಿ ಕಿವಿ ಮುಚ್ಚಿಕೊಂಡಳು, ಆದರೆ ಅವನ ಮೇಲಿಟ್ಟ ಕಣ್ಣು ಕೀಳಲಿಲ್ಲ. ಹದಿನಾಲ್ಕು ಸೆಕೆಂಡು. ಆಮೇಲೆ ಇಡೀ ಹಾಲ್ ಎದ್ದು ನಿಂತು ಕೂಗಿತು. ನಾನು ಅಳುತ್ತಿದ್ದೆ, ಸಂತೋಷಕ್ಕೆ. ಲೋಕಿಯೂ ಅಳುತ್ತಿದ್ದ. ಅವನದೂ ಸಂತೋಷ ಅಂತಲೇ ನಾನು ತಿಳಿದುಕೊಂಡೆ.

ಅದರ ನಂತರ ಅವನಿಗೆ ಅನ್ನ ಇಳಿಯಲಿಲ್ಲ. ಗಂಜಿ, ಆಮೇಲೆ ಗಂಜಿಯ ತಿಳಿ. ಗಣಪತಿ ಹಬ್ಬ ಕಳೆದ ಮೇಲೆ ತೀರ್ಥಹಳ್ಳಿಯ ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಒಂದು ಮಾತೂ ಹೆಚ್ಚು ಆಡದೆ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ನಾನೂ ಸುಜಾತಾರೂ ಅವನನ್ನು ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಕೇಳಿದರು, "ದನಿ ಹೀಗಾಗಿ ಎಷ್ಟು ದಿನ ಆಯ್ತು?"

ಸುಜಾತಾ ಹದಿನೈದು ದಿನ ಅಂದರು. ಲೋಕಿ ಒಂದು ತಿಂಗಳು ಅಂತ ಬೆರಳು ತೋರಿಸಿದ. ನನ್ನ ಹತ್ತಿರ ಮಾತ್ರ ತಾರೀಕಿತ್ತು. ಪ್ರತಿ ಫೈಲಿಗೂ ದಿನಾಂಕ ಹಾಕಿಟ್ಟಿದ್ದೆ. "ಎರಡು ತಿಂಗಳ ಮೇಲಾಯ್ತು ಮೇಡಂ" ಅಂದೆ. ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಇಷ್ಟು ದಿನ ಏನ್ ಮಾಡ್ತಾ ಇದ್ರಿ?"

ಕಷಾಯ ಕುಡಿಸ್ತಾ ಇದ್ವಿ ಅಂದೆ, ಹಾಡ್ತಾ ಇದ್ವಿ ಅನ್ನಲಿಲ್ಲ.

ಊರಿಗೆ ಬಂದ ಮೇಲೆ ಆ ಫೈಲುಗಳನ್ನು ಸಾಲಾಗಿ ಜೋಡಿಸಿ ಕೂತು ಕೇಳಿದೆ. ಆಷಾಢದ ಮೊದಲ ದಿನದ್ದು, ಎಂಟು ದಿನ ಬಿಟ್ಟು ಇನ್ನೊಂದು, ಮತ್ತೊಂದು. ಕರಕರ ಸೇರಿದ್ದು, ದನಿ ಎರಡಾಗಿ ಸೀಳಿದ್ದು, ತಳ ದಪ್ಪಗಾದದ್ದು. ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದದ್ದು ವಾರ ವಾರಕ್ಕೂ ಅಚ್ಚುಕಟ್ಟಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಆಗಿತ್ತು. ಅದರಲ್ಲಿ ಬಹಳ ಚೆನ್ನಾಗಿದ್ದ ನಾಲ್ಕಕ್ಕೆ ನಾನು ನಕ್ಷತ್ರದ ಗುರುತು ಹಾಕಿದ್ದೆ.

ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನ ಬುಡದಲ್ಲಿ ಒಂದು ತೂತು, ಅದರಿಂದಲೇ ಉಸಿರು. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಲೋಕಿ ಫೋನಿನಲ್ಲಿ ಟೈಪ್ ಮಾಡಿ ತೋರಿಸಿ ಮಾತಾಡುತ್ತಿದ್ದ. ಎರಡು ವರ್ಷದ ಮಗುವಿಗೆ ಓದಲು ಬರುತ್ತದೆಯೇ? ಅವಳಿಗಾಗಿ ಚಪ್ಪಾಳೆ. ಒಂದು ಚಪ್ಪಾಳೆ ಬಾ, ಎರಡು ಚಪ್ಪಾಳೆ ಊಟ, ಮೂರು ಅಂದರೆ ಏನೋ ಅವರಿಬ್ಬರದೇ ಗುಟ್ಟು. ಬಸ್ಸಿನ ಕೆಲಸ ಹೋಯಿತು. ಬೇಸಿಗೆಯಲ್ಲಿ ಸ್ವಲ್ಪ ಚೇತರಿಸಿಕೊಂಡು ಒಂದು ದಿನ ಗೋಡೌನಿಗೆ ಬಂದ. ಮದುವೆ ಸೀಸನ್ನು, ನಾನು ವೈರು ಸುತ್ತುತ್ತಿದ್ದೆ. ಹಾಡು ಹಾಕು ಅಂತ ಕೈ ಮಾಡಿದ. ನಾನು ಬೇಡ ಅಂದೆ. ಟೇಬಲ್ ಗುದ್ದಿದ. ಹಾಕಿದೆ. ತಲೆ ಆಡಿಸುತ್ತಾ ಕೂತಿದ್ದವನು ಕೊನೆಯ ಕೂಗು ಬಂದಾಗ ತಾನೂ ಬಾಯಿ ತೆರೆದ. ಹೊಟ್ಟೆ ಒಳಗೆ ಹೋಯಿತು, ಕತ್ತು ಬಿಗಿಯಿತು, ಮುಖ ಕೆಂಪಾಯಿತು. ಕತ್ತಿನ ಬಟ್ಟೆ ಮಾತ್ರ ಪಟಪಟ ಅಂತು. ಗಾಳಿ ಎಲ್ಲಾ ಆ ತೂತಿನಿಂದ ಹೋಗುತ್ತಿತ್ತು. ನಾನು ಎದ್ದು ಹೊರಗೆ ಹೋಗಿ ವ್ಯಾನಿನ ಹಿಂದೆ ನಿಂತುಕೊಂಡೆ. ಎಷ್ಟು ಹೊತ್ತಾದರೂ ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅವನೇ ಬಂದು ಬೆನ್ನು ತಟ್ಟಿ, ಫೋನ್ ತೋರಿಸಿದ. 'ಚೆನ್ನಾಗಿದೆ ಭಟ್ಟ. ನಾನೇ ಅಂತ ನಂಬಕ್ಕಾಗಲ್ಲ.'

ರೋಗ ಮತ್ತೆ ಎದ್ದು ಶ್ವಾಸಕೋಶಕ್ಕೆ ಇಳಿದಿತ್ತು. ಮುಂದಿನ ಮಳೆಗಾಲ ಅವನು ನೋಡಲಿಲ್ಲ.

ಸತ್ತ ಸುದ್ದಿಯ ಜೊತೆಗೇ ಸಾಗರದ ಆ ಕ್ಲಿಪ್ಪು ಊರೂರು ಸುತ್ತಿತು. ಕೂಗಿ ಕೂಗಿಯೇ ಸತ್ತ ಅಂತ ಕೆಲವರು ಬರೆದರು. ಅದು ತಪ್ಪು. ಕೂಗಿದ್ದಕ್ಕೆ ಯಾರೂ ಹಾಗೆ ಸಾಯುವುದಿಲ್ಲ, ಕೊಂದದ್ದು ತಟ್ಟೆಯಲ್ಲಿದ್ದದ್ದು ಮತ್ತು ತಡ. ಕಾರ್ಯದ ದಿನ ಊಟಕ್ಕೆ ಕೂತವರು ನನ್ನನ್ನು ಕೇಳಿದರು, ಮುಂಚೆಯೇ ಗೊತ್ತಾಗಲಿಲ್ಲವೇ ಅಂತ. "ಅವ್ನು ಒಂದು ದಿನಾನೂ ನೋವು ಅಂತ ಬಾಯಿ ಬಿಡ್ಲಿಲ್ಲ" ಅಂದೆ. ಸುಜಾತಾ ಪಲ್ಯ ಬಡಿಸುತ್ತಿದ್ದವರು ಕೇಳಿಸಿಕೊಂಡು ಹೌದು ಅಂತ ತಲೆ ಆಡಿಸಿದರು. ಆಮೇಲೆ ಯಾರು ಕೇಳಿದರೂ ಅದೇ ಹೇಳಿದೆ. ಮೆಟ್ಟಿಲ ಮೇಲಿನ ರಕ್ತದ ವಿಷಯ ನುಂಗಿಕೊಂಡೆ. ಆದರೆ ಬಾಯಿ ಬಿಡಲಿಲ್ಲ ಅನ್ನುವುದು ಮಾತ್ರ ನಿಜ ಅಂತ ನಾನೇ ನಂಬಿದ್ದೆ.

ಸುಜಾತಾ ಮಗಳನ್ನು ಕರೆದುಕೊಂಡು ಸಾಗರದ ತವರಿಗೆ ಹೋದರು. ಅಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ತಿಂಗಳ ಹಿಂದೆ ಅವರ ಫೋನ್ ಬಂತು.

"ಅಣ್ಣ, ಪುಟ್ಟಿ ಒಂದನೇ ಕ್ಲಾಸು ಈಗ. ಶಾಲೇಲಿ ಯಾರೋ ಆ ವಿಡಿಯೋ ತೋರ್ಸಿ ನಿನ್ನಪ್ಪ ಅಂದಿದಾರೆ. ಹೆದ್ರಿಕೊಂಡು ಬಂದು, ಅಪ್ಪ ಮಾತಾಡೋದೂ ಹಂಗೇ ಇತ್ತಾ ಅಂತ ಕೇಳ್ತಾಳೆ. ಇವ್ರು ಸುಮ್ನೆ ಮಾತಾಡಿದ್ದು ನಿಮ್ಮ ಹತ್ರ ಇದ್ರೆ ಕೊಡಿ."

"ನಿಮ್ಮ ಫೋನಲ್ಲಿ ಇಲ್ವಾ ಅಕ್ಕ?"

"ಹಳೇ ಫೋನು ನೀರಿಗೆ ಬಿತ್ತಲ್ಲ. ಹುಟ್ಟಿದಬ್ಬದ ವಿಡಿಯೋ ಒಂದಿದೆ, ಹಿಡ್ದಿದ್ದು ಅವ್ರೇ, ಮಾತಿಲ್ಲ. ವಾಯ್ಸ್ ಮೆಸೇಜು ಅಂತೂ ಕಳ್ಸೋರೇ ಅಲ್ಲ. ದಿನಾ ಕೂಗಿ ಸಾಕಾಗಿದೆ, ಫೋನಿಗೂ ಕೂಗ್ಲಾ ಅಂತಿದ್ರು."

ಇರುತ್ತದೆ ಬಿಡಿ ಅಂದೆ ಬಹಳ ಧೈರ್ಯದಿಂದ. ನಲವತ್ತೊಂದು ಫೈಲು ಇದ್ದವು. ಒಂದೊಂದೇ ತೆರೆದೆ. ಎಲ್ಲದರಲ್ಲೂ ಕೂಗು, ಬರೀ ಕೂಗು. ಟೇಕಿನ ಮೊದಲು ಕೆಮ್ಮಿದ್ದು, ನಕ್ಕಿದ್ದು, ನನ್ನನ್ನು ಬೈದದ್ದು, ಮಗಳ ಸುದ್ದಿ ಹೇಳಿದ್ದು, ಎಲ್ಲವನ್ನೂ ನಾನೇ ಕಸ ಅಂತ ಕತ್ತರಿಸಿ ಎಸೆದಿದ್ದೆ. ಅದೇ ನನ್ನ ಕೆಲಸದ ಅಚ್ಚುಕಟ್ಟು ಅಂತ ಹೆಮ್ಮೆ ಬೇರೆ. ಕತ್ತರಿಸದ ಮೂಲ ಫೈಲುಗಳನ್ನು ಜಾಗ ಸಾಲದೆ ಅಳಿಸಿಯಾಗಿತ್ತು. ಮೂರು ವಾರ ಹುಡುಕಿದೆ. ಕೊನೆಗೆ ಮಿಕ್ಸರಿಗೆ ಸಿಕ್ಕಿಸುವ ಒಂದು ಹಳೇ ಪೆನ್‌ಡ್ರೈವಿನಲ್ಲಿ, ದೇವಸ್ಥಾನಕ್ಕೆ ಹಾಕಿಕೊಟ್ಟ ಸುಪ್ರಭಾತಗಳ ನಡುವೆ, ಒಂದು ಫೈಲು ಉಳಿದಿತ್ತು. ಆಷಾಢದ ಮೂರನೇ ವಾರದ್ದು. ಮಳೆ ನಿಂತ ಸದ್ದು, ಕುರ್ಚಿ ಎಳೆದ ಸದ್ದು, ಆಮೇಲೆ ಲೋಕಿ. ಸ್ವಲ್ಪ ಕಟ್ಟಿದ, ಆದರೆ ಪೂರ್ತಿ ಅವನದೇ ದನಿ.

"ಇವತ್ತು ಬ್ಯಾಡ ಮಾರಾಯ. ಗಂಟ್ಲು ಎಂಥದೋ ಕಿತ್ತು ಬಂದಂಗೆ ನೋಯ್ತದೆ. ಮನೆಗೆ ಹೋಗ್ತೀನಿ. ಪುಟ್ಟಿ ಕಾಯ್ತಿರ್ತದೆ."

ಅದರ ಬೆನ್ನಿಗೇ ಇನ್ನೊಂದು ದನಿ. ನನ್ನದು. "ನೋಯ್ಲಿ ಬಿಡೋ! ನೋವಿಗೇ ಈ ದನಿ ಬಂದಿರೋದು. ಇನ್ನೊಂದೇ ಒಂದು ಟೇಕು. ಮೈಕ್ ಮುಂದೆ ನಿಲ್ಲು."

ಹೇಳಿದ್ದ. ಇನ್ನೂ ಎಲ್ಲಾ ಕೈಯಲ್ಲಿದ್ದಾಗಲೇ ಹೇಳಿದ್ದ. ನನಗೆ ನೆನಪೇ ಇರಲಿಲ್ಲ. ಎಷ್ಟು ಸಲ ಹೇಳಿದ್ದನೋ, ಎಷ್ಟು ಸಲ ಕತ್ತರಿಸಿ ಎಸೆದಿದ್ದೆನೋ. ಲ್ಯಾಪ್‌ಟಾಪಿನಲ್ಲಿ ಆ ತಾರೀಕಿನ ಟೇಕುಗಳನ್ನು ಎಣಿಸಿದೆ.

ನನ್ನ ಮಾತು ತೆಗೆದು ಅವನದಷ್ಟೇ ಉಳಿಸುವುದು ಎರಡು ನಿಮಿಷದ ಕೆಲಸ. ಮಾಡಿಯೂ ಆಯಿತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗಿ, ಇಡೀ ಫೈಲನ್ನೇ ಹಾಕಿಕೊಂಡು ಸಾಗರದ ಬಸ್ಸು ಹತ್ತಿದೆ.

ಸುಜಾತಾ ಜಗಲಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಪುಟ್ಟಿ ಶಾಲೆಯ ಯೂನಿಫಾರ್ಮಿನಲ್ಲೇ ಕಂಬಕ್ಕೆ ಒರಗಿ ನಿಂತಿತ್ತು. ಸುಜಾತಾ ಎರಡು ಸಲ ಕೇಳಿದರು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೈಯಲಿ, ಹೊಡೆಯಲಿ, ಎದ್ದು ಹೋಗು ಅನ್ನಲಿ ಅಂತ ನಾನು ತಲೆ ತಗ್ಗಿಸಿ ಕಾದೆ.

"ನಿಮ್ದು ತೆಗ್ದು ಬಿಡಿ ಅಣ್ಣ. ಅವ್ರದ್ದು ಅಷ್ಟೇ ಇರ್ಲಿ" ಅಂದರು.

ಅಲ್ಲೇ ಕೂತು ಕತ್ತರಿಸಿದೆ. ಎರಡು ಸಲ ತಪ್ಪಿತು. ಎಂಟು ಸೆಕೆಂಡು ಉಳಿಯಿತು. ಸುಜಾತಾ ಮಗಳ ಕಿವಿಗೆ ಹೆಡ್‌ಫೋನ್ ಇಟ್ಟರು. ಪುಟ್ಟಿ ಕಣ್ಣು ಅರಳಿಸಿ ಕೇಳಿತು, ಮತ್ತೆ ಹಾಕು ಅಂತ ಬೆರಳು ತೋರಿಸಿತು, ಇನ್ನೊಂದು ಸಲ, ಮತ್ತೊಂದು ಸಲ. ಆಮೇಲೆ ಹೆಡ್‌ಫೋನ್ ಸರಿಸಿ ನನ್ನ ಕಡೆ ತಿರುಗಿತು.

"ಮಾಮ, ಆಮೇಲೆ ಅಪ್ಪ ಮನೆಗೆ ಬಂದ್ರಾ?"

ಸುಜಾತಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂದ್ರು ಪುಟ್ಟಿ, ಆಗ್ಲೇ ಬಂದ್ರು" ಅಂದೆ. ಆವತ್ತು ಇನ್ನೂ ಒಂಬತ್ತು ಟೇಕು ತೆಗೆಸಿದ್ದೆ.